ಒಂದು ಟೀಮಿಗೆ ಇಬ್ಬರು ಕೋಚ್

ಇಬ್ಬರು ಅಜೈಲ್ ಕೋಚ್‌ಗಳಿಗೆ (ಸಾಫ್ಟ್‌ವೇರ್ ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಲು ಟೀಮಿಗೆ ಕಲಿಸುವವರಿಗೆ) ನಾಲ್ಕು ಟೀಮ್ ವಹಿಸಿದರೆ ಸಾಮಾನ್ಯವಾಗಿ ಮೊದಲು ನಡೆಯುವುದು ಪಾಲುಪಟ್ಟಿ: ಈ ಎರಡು ನಿಮಗೆ, ಆ ಎರಡು ನನಗೆ. ಜೊತೆಗಾರಿಕೆ ಅಲ್ಲಿಗೇ ಮುಗಿಯಿತು. ಒಬ್ಬರು ರಜೆ ಹಾಕಿದ ವಾರ ಇನ್ನೊಬ್ಬರಿಗೆ ಆ ಟೀಮಿನ ತಲೆಬುಡ ತಿಳಿದಿರುವುದಿಲ್ಲ. ಪ್ರತಿ ಟೀಮಿಗೂ ಒಬ್ಬರು ಮುಖ್ಯ, ಇನ್ನೊಬ್ಬರು ಜೊತೆ ಎಂದು ಮಾಡಿಕೊಂಡು, ಉಳಿದದ್ದಕ್ಕೆ ಆಗದಿದ್ದರೂ ರೆಟ್ರೊಗೆ, ಅಂದರೆ ಕೆಲಸ ಹೇಗೆ ನಡೆಯಿತು ಎಂದು ಟೀಮ್ ಹಿಂತಿರುಗಿ ನೋಡುವ ಸಭೆಗೆ, ಇಬ್ಬರೂ ಹೋಗಬೇಕು.

ಟೀಮಿನ ಮುಂದೆ ನಿಲ್ಲುವ ಮೊದಲು ಎರಡು ಗಂಟೆ ಕೂತು, ಯಾವುದರಲ್ಲಿ ಒಪ್ಪುವುದಿಲ್ಲ ಎಂಬುದನ್ನು ಹುಡುಕಿ. ಒಪ್ಪುವ ವಿಷಯಗಳಿಗೆ ಸಮಯ ಬೇಡ. ಸ್ಟೋರಿ ಪಾಯಿಂಟ್ (ಕೆಲಸ ಎಷ್ಟು ದೊಡ್ಡದು ಎಂಬ ಅಂದಾಜಿನ ಅಂಕ) ಬೇಕೇ, ಸೈಕಲ್ ಟೈಮ್ (ಕೆಲಸ ಶುರುವಾಗಿ ಮುಗಿಯಲು ಹಿಡಿದ ಸಮಯ) ನೋಡಿದರೆ ಸಾಕೇ? ಸ್ಪ್ರಿಂಟ್ (ಕೆಲಸದ ಒಂದು ನಿಗದಿತ ಕಂತು) ನಡುವೆ ಬಂದ ಪ್ರೊಡಕ್ಷನ್ ಬಗ್ಗನ್ನು, ಅಂದರೆ ಬಳಕೆಯಲ್ಲಿರುವ ಸಾಫ್ಟ್‌ವೇರಿನ ದೋಷವನ್ನು, ಒಳಗೆ ಬಿಡುವುದು ಯಾರ ತೀರ್ಮಾನ? ಡೈಲಿ ಸ್ಕ್ರಮ್‌ನಲ್ಲಿ (ಟೀಮಿನ ದಿನದ ಚಿಕ್ಕ ಸಭೆಯಲ್ಲಿ) ಮ್ಯಾನೇಜರ್ ಮಾತಾಡಬಹುದೇ? ಸ್ಕ್ರಮ್ ಎಂಬ ಈ ಅಜೈಲ್ ವಿಧಾನದ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್‌ನಲ್ಲಿ ಸ್ಟೋರಿ ಪಾಯಿಂಟಿನ ಸುದ್ದಿಯೇ ಇಲ್ಲ, ಹಾಗಾಗಿ ಗೈಡ್ ತೆರೆದು ಜಗಳ ತೀರಿಸಿಕೊಳ್ಳಲೂ ಬರುವುದಿಲ್ಲ. ಇಬ್ಬರೂ ಸೇರಿ ಒಂದು ಉತ್ತರ ಇಟ್ಟುಕೊಳ್ಳಿ, ಇಲ್ಲವೇ 'ಇದರಲ್ಲಿ ನಮಗೇ ಎರಡು ಅಭಿಪ್ರಾಯ ಇದೆ, ನೀವು ಎರಡು ಸ್ಪ್ರಿಂಟ್ ಪ್ರಯೋಗ ಮಾಡಿ ನೋಡಿ' ಎಂದು ಟೀಮಿಗೆ ನೇರವಾಗಿ ಹೇಳಿ. ಹೀಗೆ ಮಾಡದಿದ್ದರೆ, ಅಮ್ಮ ಬೇಡ ಅಂದದ್ದಕ್ಕೆ ಅಪ್ಪನ ಹತ್ತಿರ ಹೋಗುವ ಮಕ್ಕಳ ಹಾಗೆ ಟೀಮ್ ತನಗೆ ಬೇಕಾದ ಉತ್ತರ ಕೊಡುವ ಕೋಚ್‌ನನ್ನು ಹುಡುಕಿಕೊಳ್ಳುತ್ತದೆ. ಸಲಹೆ ಕೇಳಿ ಬಂದವರಿಗೆ ಮೊದಲು ಹಾಕಬೇಕಾದ ಪ್ರಶ್ನೆ: 'ಇನ್ನೊಬ್ಬರನ್ನು ಕೇಳಿದಿರಾ? ಏನಂದರು?'

ಎರಡು ವಾರದ ಸ್ಪ್ರಿಂಟಿಗೆ ತೊಂಬತ್ತು ನಿಮಿಷದ ರೆಟ್ರೊ ಎಂದುಕೊಳ್ಳಿ. ನಡೆಸುವವರು ಒಬ್ಬರೇ. ಇನ್ನೊಬ್ಬರು ಗೋಡೆಯ ಕಡೆ ಕೂತು ಬರೆದುಕೊಳ್ಳುತ್ತಾರೆ: ಯಾರು ಎಷ್ಟು ಸಲ ಮಾತಾಡಿದರು, ಯಾರ ಮಾತು ಅರ್ಧಕ್ಕೆ ನಿಂತಿತು, ಪ್ರಶ್ನೆ ಕೇಳಿದ ಮೇಲೆ ನಡೆಸುವವರು ಎಷ್ಟು ಸೆಕೆಂಡ್ ಕಾದರು. ಸುಮ್ಮನಿರುವುದೇ ಇಲ್ಲಿ ಕಷ್ಟದ ಕೆಲಸ. ನೋಡುತ್ತಿರುವ ಕೋಚ್ 'ಇನ್ನೊಂದು ಮಾತು ಸೇರಿಸ್ತೀನಿ' ಎಂದು ಮೂರು ಸಲ ಬಾಯಿ ಹಾಕಿದರೆ ನಡೆಸುವವರ ಹಿಡಿತ ತಪ್ಪಿ, ಟೀಮ್ ಇಬ್ಬರ ಮುಖವನ್ನೂ ನೋಡುತ್ತಾ ಕೂರುತ್ತದೆ. ಬಾಯಿ ಹಾಕಲೇಬೇಕಾದರೆ ಮೊದಲೇ ಒಪ್ಪಿದ ಒಂದು ಸನ್ನೆ ಇರಲಿ. ಎದ್ದು ನಿಲ್ಲುವುದು ಸಾಕು. ಬೇಕಿದ್ದರೆ ನಡೆಸುವವರೇ ಕರೆಯುತ್ತಾರೆ. ಆನ್‌ಲೈನ್ ಸಭೆಯಲ್ಲಿ ಈ ಸನ್ನೆ ಖಾಸಗಿ ಚಾಟ್‌ನಲ್ಲಿ ನಡೆಯುತ್ತದೆ, ಆದರೆ ಸ್ಕ್ರೀನ್ ಹಂಚಿಕೊಂಡವರ ಲ್ಯಾಪ್‌ಟಾಪಿನಲ್ಲಿ ನೋಟಿಫಿಕೇಶನ್ ಆಫ್ ಆಗಿರಬೇಕು. 'ಆ ಲೀಡ್‌ನ ಬಾಯಿ ಮುಚ್ಚಿಸಿ' ಎಂಬ ಸಂದೇಶ ಎಲ್ಲರ ಮುಂದೆ ಹಾರಿ ಬಂದರೆ ಮತ್ತೆ ಆ ಟೀಮಿನಲ್ಲಿ ಬಾಯಿ ಬಿಡುವವರಿಲ್ಲ.

ಸಭೆ ಮುಗಿದ ದಿನವೇ ಇಪ್ಪತ್ತು ನಿಮಿಷ ಇಬ್ಬರೇ ಕೂರಬೇಕು. ಮರುದಿನಕ್ಕೆ ತಳ್ಳಿದರೆ ವಿವರ ಮರೆತು ಬರೀ ಅಭಿಪ್ರಾಯ ಉಳಿಯುತ್ತದೆ. ನಡೆಸಿದವರು ಮೊದಲು ಮಾತಾಡಲಿ. 'ಚೆನ್ನಾಗಿತ್ತು' ಎಂಬ ಮಾತಿಗೆ ಬೆಲೆಯಿಲ್ಲ. 'ಟೆಸ್ಟರ್ ಬಾಯಿ ತೆರೆದಾಗ ನೀವು ಬೋರ್ಡ್ ಕಡೆ ತಿರುಗಿದಿರಿ, ಆಮೇಲೆ ಅವರು ಒಂದು ಮಾತೂ ಆಡಲಿಲ್ಲ' ಎಂಬುದಕ್ಕೆ ಇದೆ. ಮುಂದಿನ ಸಲ ಪಾತ್ರ ಅದಲು ಬದಲು. ಯಾವಾಗಲೂ ಹಿರಿಯರೇ ನಡೆಸಿದರೆ ಕಿರಿಯ ಕೋಚ್ ನೋಟ್ಸ್ ಬರೆಯುವ ಸಹಾಯಕರಾಗಿಬಿಡುತ್ತಾರೆ, ಟೀಮೂ ಅವರನ್ನು ಹಾಗೇ ನೋಡುತ್ತದೆ.

ಮ್ಯಾನೇಜ್‌ಮೆಂಟಿಗೆ ಏನು ಹೇಳುವುದು ಎಂಬುದೂ ಬರಹದಲ್ಲಿರಲಿ. ಅಡೆತಡೆಗಳನ್ನು ಹೇಳಬಹುದು, ಯಾರು ಏನಂದರು ಎಂಬುದನ್ನು ಇಬ್ಬರಲ್ಲಿ ಯಾರೂ ಹೇಳಬಾರದು. ಒಬ್ಬರಿಂದ ಸೋರಿದರೂ ಇಬ್ಬರ ಮೇಲಿನ ನಂಬಿಕೆಯೂ ಹೋಗುತ್ತದೆ.

ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಜರ್ಮನಿಯಲ್ಲಿದ್ದರೆ ಇನ್ನೊಂದು ತೊಡಕು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಮೂರೂವರೆ ಗಂಟೆಯ ಅಂತರ ನಾಲ್ಕೂವರೆ ಆಗುತ್ತದೆ. ಸಭೆಯನ್ನು ಅಲ್ಲಿನ ಸಮಯಕ್ಕೆ ಕಟ್ಟಿದ್ದರೆ ಬೆಂಗಳೂರಿನ ಸಂಜೆ 5ರ ರೆಟ್ರೊ 6ಕ್ಕೆ ಜಾರಿ, ಕ್ಯಾಬ್ ಹಿಡಿಯುವವರು ನಡುವೆಯೇ ಎದ್ದು ಹೋಗುತ್ತಾರೆ. ಅಕ್ಟೋಬರ್ ಮೊದಲ ವಾರವೇ ಆಹ್ವಾನವನ್ನು ಬೆಂಗಳೂರು ಸಮಯಕ್ಕೆ ಬದಲಿಸಿ, ಅಲ್ಲಿನವರಿಗೆ ಊಟದ ಹೊತ್ತಿಗೆ ಅಡ್ಡ ಬರುತ್ತದೆಯೇ ಎಂದು ಕೇಳಿಕೊಳ್ಳಿ.