ಕಳ್ಳನ ಕೈಗೇ ಬೀಗದಕೈ

ಫ್ರೆಂಚ್ ಲೇಖಕ ಆಂದ್ರೆ ಮಾಲ್ರೋ ಬಗ್ಗೆ ಓದ್ತಾ ಕೂತಿದ್ದೆ, ನಗು ಬಂತು. 1923ರಲ್ಲಿ ಕಾಂಬೋಡಿಯಾದ ಬಾಂತೇ ಸ್ರೇ ದೇವಾಲಯದ ಶಿಲ್ಪಗಳನ್ನೇ ಕಿತ್ತು ಸಾಗಿಸುವಾಗ ಸಿಕ್ಕಿಬಿದ್ದ ಆಸಾಮಿ. ಮೂರು ವರ್ಷದ ಶಿಕ್ಷೆ ಬಿತ್ತು, ಮೇಲ್ಮನವಿಯಲ್ಲಿ ಹೇಗೋ ಜೈಲು ತಪ್ಪಿತು. ಅದೇ ಮನುಷ್ಯ 1959ರಲ್ಲಿ ಫ್ರಾನ್ಸಿನ ಸಂಸ್ಕೃತಿ ಮಂತ್ರಿ, ಅದೂ ಮೊದಲನೆಯವನು!

ಕೆಲಸ ಮಾಡಲಿಲ್ಲ ಅನ್ನೋ ಹಾಗೂ ಇಲ್ಲ. ಹಳೇ ಕೇರಿಗಳನ್ನು ಉಳಿಸುವ 1962ರ ಕಾಯ್ದೆಗೆ ಇವತ್ತಿಗೂ ಅವನದೇ ಹೆಸರು. ಮಸಿ ಹಿಡಿದ ಪ್ಯಾರಿಸ್ ಗೋಡೆಗಳನ್ನು ತೊಳೆಸಿದ. 1968ರಲ್ಲಿ ಮಾತ್ರ ಸಿನಿಮಾತೆಕ್ ಅನ್ನೋ ಚಲನಚಿತ್ರ ಸಂಗ್ರಹಾಲಯದಿಂದ ಅದರ ಮುಖ್ಯಸ್ಥ ಆನ್ರಿ ಲಾಂಗ್ಲ್ವಾರನ್ನು ತೆಗೆದುಹಾಕಲು ಹೋಗಿ ಸಿನಿಮಾದವರನ್ನೆಲ್ಲ ಪ್ರತಿಭಟನೆಗೆ ಬೀದಿಗಿಳಿಸಿದ. ಕೆಲವೇ ವಾರಗಳಲ್ಲಿ ವಾಪಸ್ ಕೂರಿಸಬೇಕಾಯ್ತು.

ಆ ಕಲ್ಲುಗಳು ಮತ್ತೆ ಗುಡಿ ಸೇರಿದವು. ಅವನು 1996ರಲ್ಲಿ, ಫ್ರಾನ್ಸಿನ ಮಹನೀಯರ ಸಮಾಧಿಗಳಿರುವ ಪಾಂಥಿಯನ್ ಸೇರಿದ.