ತೊಲೆಯ ಮೇಲೊಂದು ಹೆಸರು, ಅಂಗೈಯಲ್ಲೊಂದು ನಾಣ್ಯ

ಚೀನಾದ ಕುನ್ಮಿಂಗ್‌ನಲ್ಲಿ ಐದು ದಿನ ಇದ್ದೆ. ಕಲ್ಲಿನ ಕಾಡು ನೋಡಿದೆ, ಕೆರೆ ಸುತ್ತಿದೆ. ಆದರೆ ಮನಸ್ಸಿಗೆ ನಾಟಿದ್ದು ಮಿಂಗ್‌ಫೆಂಗ್ ಗುಡ್ಡದ ಕಂಚಿನ ಗುಡಿ.

ಕರೆದುಕೊಂಡು ಹೋದವಳು ಅಲ್ಲೇ ಮೆಡಿಕಲ್ ಓದುವ ಅಕ್ಕನ ಮಗಳು. ಕಂಬ, ಬಾಗಿಲು, ಹೆಂಚು ಎಲ್ಲವೂ ಕಂಚು. ಕುನ್ಮಿಂಗ್ ಇರುವ ಯುನ್ನಾನ್ ಪ್ರಾಂತ್ಯ ತಾಮ್ರದ ಸೀಮೆ ಅಲ್ವಾ!

"ಮಾಮ, ಮೇಲೆ ನೋಡಿ" ಅಂದಳು. ತೊಲೆಯ ಮೇಲೆ ಬರಹ. ಮಹಾ ಚಿಂಗ್ (ಆಗ ಚೀನಾ ಆಳುತ್ತಿದ್ದ ಮಂಚೂ ವಂಶ), ಕಾಂಗ್‌ಶಿ ದೊರೆಯ ಹತ್ತನೇ ವರ್ಷ, ಕಟ್ಟಿಸಿದವನು ವೂ ಸಾನ್‌ಗುಯಿ. ಅಂದರೆ 1671.

ಮೈ ಜುಮ್ಮೆಂದಿತು. ಹಿಂದಿನ ದಿನ ಸಂತೆಯಲ್ಲಿ ಕೊಂಡ ನಾಣ್ಯ ನನ್ನ ಜೇಬಿನಲ್ಲೇ ಇತ್ತು. ಅದೂ ಇವನದೇ. 1644ರಲ್ಲಿ ಚೀನಾದ ಗಡಿಬಾಗಿಲು ತೆರೆದು ಮಂಚೂಗಳನ್ನು ಒಳಗೆ ಬಿಟ್ಟ ಸೇನಾಪತಿ ಇವನು. ಅದಕ್ಕೆ ಸಿಕ್ಕ ಬಹುಮಾನ ಯುನ್ನಾನ್. ಕಾಂಗ್‌ಶಿ ಅದನ್ನು ವಾಪಸ್ ಕೇಳಿದಾಗ, 1673ರಲ್ಲಿ ತಿರುಗಿಬಿದ್ದ. ತನ್ನದೇ ನಾಣ್ಯ ಹೊಯ್ಯಿಸಿದ. ಗುಡಿ ಕಟ್ಟಿ ಎರಡೇ ವರ್ಷಕ್ಕೆ!

ನಾಣ್ಯ ತೆಗೆದೆ. ಬೆವರಿಗೆ ಅಂಗೈಯೆಲ್ಲ ಹಸಿರಾಯಿತು. ಕಿಲುಬಲ್ಲ, ಬಣ್ಣ. 50 ಯುವಾನ್ ಹೋಯಿತು, ಈಗಲೂ ಹೊಟ್ಟೆ ಉರಿಯುತ್ತದೆ. ಕೊಳ್ಳುವ ಮುಂಚೆ ಒದ್ದೆ ಕರ್ಚೀಫಿನಿಂದ ಒರೆಸಿ ನೋಡಿ.

ಸಂಜೆ ಬೇರೊಂದು ಚಿಕ್ಕ ಅಂಗಡಿಗೆ ಹೋದೆವು. ಅಲ್ಲಿದ್ದ ಅಜ್ಜ ನನ್ನ ನಾಣ್ಯವನ್ನು ಪಕ್ಕಕ್ಕೆ ಸರಿಸಿ, ಡಬ್ಬಿಯಿಂದ ಅಸಲಿ ನಾಣ್ಯ ತೆಗೆದಿಟ್ಟರು. ನಡುವೆ ಚೌಕದ ತೂತು, ಸುತ್ತ ನಾಲ್ಕು ಅಕ್ಷರ: ಲಿ ಯೊಂಗ್ ತೊಂಗ್ ಬಾವ್.

"ಇದರಲ್ಲಿ ದೊರೆಯ ಹೆಸರು ಎಲ್ಲಿದೆ?" ಎಂದು ಕೇಳಿಸಿದೆ.

"ಇಲ್ಲವೇ ಇಲ್ಲ. ಲಿ ಅಂದರೆ ಲಾಭ, ಯೊಂಗ್ ಅಂದರೆ ಬಳಕೆ, ತೊಂಗ್ ಬಾವ್ ಅಂದರೆ ಚಲಾವಣೆಯ ನಾಣ್ಯ. ಕಾಂಗ್‌ಶಿ ಹೆಸರು ಹಾಕೋ ಹಾಗಿಲ್ಲ, ಇವನಿನ್ನೂ ಚಕ್ರವರ್ತಿ ಆಗಿರಲಿಲ್ಲ" ಎಂದರು ಅಜ್ಜ. ಆಮೇಲೆ 'ಲಿ' ಅಕ್ಷರದ ಮೇಲೆ ಉಗುರಿಟ್ಟು ತೋರಿಸಿದರು. ಎಡಕ್ಕೆ ಪೈರು, ಬಲಕ್ಕೆ ಕತ್ತಿ.

ವೂ ಸಾನ್‌ಗುಯಿ ಚಕ್ರವರ್ತಿ ಅಂತ ಘೋಷಿಸಿಕೊಂಡದ್ದು 1678ರಲ್ಲಿ. ಆಗ ತನ್ನ ಆಳ್ವಿಕೆಗೆ ಇಟ್ಟ ಹೆಸರಿನಲ್ಲೇ 'ಝಾವ್ ವೂ' ನಾಣ್ಯ ಬಂತು. ಅದೇ ವರ್ಷ ಸತ್ತ. ಮೊಮ್ಮಗ ತನ್ನ ಆಳ್ವಿಕೆಯ ಹೆಸರಿನ 'ಹೊಂಗ್ ಹ್ವಾ' ನಾಣ್ಯ ಹೊಯ್ಯಿಸಿದ. 1681ರಲ್ಲಿ ಕುನ್ಮಿಂಗ್ ಬಿತ್ತು, ಅವನೂ ಪ್ರಾಣ ಕಳೆದುಕೊಂಡ.

ನಾಣ್ಯ ಕೊಳ್ಳಬೇಕೆಂಬ ಆಸೆ ತುಂಬಾ ಇತ್ತು. ಅಜ್ಜನೇ ಬೇಡವೆಂದರು. ಹಳೆಯ ವಸ್ತು ದೇಶದಾಚೆ ಒಯ್ಯಲು ಕಾನೂನಿನ ತಡೆ ಇದೆ, ವಿಮಾನ ನಿಲ್ದಾಣದಲ್ಲಿ ಪಜೀತಿ ಆಗುತ್ತದೆ ಎಂದರು. ಬದಲಿಗೆ ತೆಳು ಕಾಗದ ಮೇಲಿಟ್ಟು, ಪೆನ್ಸಿಲ್ಲನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದರು. ನಾಲ್ಕು ಅಕ್ಷರ ಎದ್ದು ಬಂದವು. ನಾಣ್ಯ ತಿರುಗಿಸಿ ಮತ್ತೆ ಉಜ್ಜಿದರು. ಹಿಂಬದಿಯಲ್ಲಿ ಒಂದೇ ಅಕ್ಷರ, ಯುನ್. ಮೋಡ ಅಂತ ಅರ್ಥ. ಯುನ್ನಾನ್‌ನ ಯುನ್.

ಕಾಗದ ಮಡಚದೆ ಪಾಸ್‌ಪೋರ್ಟ್ ಒಳಗಿಟ್ಟುಕೊಂಡೆ.