ಕ್ಯಾಂಪಿಗೆ ಚಾಕು ತರೋ ಕೆಲಸ ನನಗೆ ಕೊಟ್ಟಿದ್ರು

ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಔಟ್‌ಡೋರ್ ಕ್ಯಾಂಪ್ ನಡೆಸೋರ ಹತ್ರ ಕೆಲಸ ಮಾಡ್ತೀನಿ, ಇದು ಆರನೇ ವರ್ಷ. ಸ್ಕೂಲ್ ಮಕ್ಕಳು ಬರ್ತಾರೆ, ಬೆಂಗಳೂರಿಂದ ಐಟಿ ಟೀಮುಗಳು ಬರ್ತವೆ, ಟೆಂಟ್ ಹಾಕೋದು, ಗಂಟು ಹಾಕೋದು, ಮಳೇಲಿ ಬೆಂಕಿ ಹಚ್ಚೋದು ಹೇಳ್ಕೊಡ್ತೀವಿ. ಸೇರಿದ ಎರಡನೇ ವರ್ಷ ಸಾಮಾನಿನ ರೂಮಿನ ಕೀ ನನ್ನ ಕೈಗೆ ಬಂತು, ಅದರ ಜೊತೆಗೇ ಓನರ್ "ಟೀಮಿಗೆ ಆರು ಒಳ್ಳೆ ಚಾಕು ತರ್ಸಪ್ಪ, ಮಡಚೋದು ಬೇಡ" ಅಂದ್ರು. ಮಡಚೋ ಚಾಕು ಬೇಡ ಅಂದಿದ್ದು ಸರಿನೇ, ನಮ್ಮಲ್ಲಿ ಕೆಸರು ಜಾಸ್ತಿ, ಕೀಲಿನೊಳಗೆ ಮಣ್ಣು ಸೇರ್ಕೊಂಡ್ರೆ ಲಾಕ್ ಪೂರ್ತಿ ಬೀಳಲ್ಲ, ಬಲ ಹಾಕಿ ಕೊಯ್ವಾಗ ಬೆರಳ ಮೇಲೇ ಮಡಚ್ಕೊಳುತ್ತೆ. ಫಿಕ್ಸೆಡ್ ಬ್ಲೇಡ್ ಅಂದ್ರೆ ಆ ತಲೆನೋವಿಲ್ಲ. ಆದ್ರೆ ಫಿಕ್ಸೆಡ್ ಬ್ಲೇಡಲ್ಲೂ ಇಷ್ಟೊಂದು ಇದೆ ಅಂತ ನಂಗೆಲ್ಲಿ ಗೊತ್ತಿತ್ತು.

ಎರಡು ರಾತ್ರಿ ಮೊಬೈಲ್ ಹಿಡ್ಕೊಂಡು ಕೂತು ನೋಡಿ ನೋಡಿ ಕೊನೆಗೆ ಆರ್ಡರ್ ಮಾಡಿದ್ದು ಒಂದು ಭರ್ಜರಿ ಐಟಂ. ಏಳಿಂಚು ಅಲಗು, ಆರು ಮಿಲಿಮೀಟರ್ ಮೇಲೆ ದಪ್ಪ, ಬೆನ್ನಿಗೆ ಗರಗಸದ ಹಲ್ಲು, ಕಪ್ಪು ಬಣ್ಣ, ಹಿಡಿ ಒಳಗೆ ಟೊಳ್ಳು, ಮುಚ್ಚಳ ತಿರುಗಿಸಿದ್ರೆ ಒಳಗೆ ಬೆಂಕಿಕಡ್ಡಿ, ಗಾಳ, ದಾರ, ಮುಚ್ಚಳದ ಮೇಲೆ ಕಂಪಾಸ್. ಪಾರ್ಸಲ್ ಬಂದಾಗ ಆರೂ ಕಂಪಾಸ್ ಟೇಬಲ್ ಮೇಲೆ ಸಾಲಾಗಿ ಇಟ್ವಿ, ಉತ್ತರ ಮೂರು ಕಡೆ ಇತ್ತು. ಅವತ್ತೇ ವಾಪಸ್ ಕಳಿಸ್ಬೇಕಿತ್ತು, ನಕ್ಕು ಸುಮ್ನಾದ್ವಿ.

ಮೊದಲ ಕಂಪ್ಲೇಂಟ್ ಅಡುಗೆಯವರದ್ದು. ಸೌತೆಕಾಯಿ ಕೊಯ್ಯೋಕೆ ಕೊಟ್ರೆ ಚಾಕು ಒಳಗೆ ಇಳೀತಾನೇ ಇರ್ಲಿಲ್ಲ, ಅರ್ಧ ಹೋಗಿ ಸೌತೆಕಾಯಿ ಟಪ್ ಅಂತ ಸೀಳ್ಕೊಂಡು ಎರಡು ಕಡೆ ಹಾರ್ತಿತ್ತು. "ಇದೇನ್ ಚಾಕಾ, ಉಳಿನಾ?" ಅಂದ್ರು ಅಡುಗೆ ಅಕ್ಕ. ನಾನು ಇದು ಅಡುಗೆಗಲ್ಲ ಅಕ್ಕ, ಕಾಡಿಗೆ ಅಂತ ಸಮರ್ಥನೆ ಬೇರೆ ಕೊಟ್ಟಿದ್ದೆ.

ಆಮೇಲೆ ಜೂನ್. ಮೂರು ದಿನದಿಂದ ಬಿಡದೆ ಮಳೆ, ಸ್ಕೂಲ್ ಬ್ಯಾಚ್, ಟಾರ್ಪಾಲ್ ಕೆಳಗೆ ಮಕ್ಕಳು ಕೂತಿದ್ರು, ಒದ್ದೆ ಸೌದೇಲಿ ಬೆಂಕಿ ಹೆಂಗೆ ಹಚ್ಚೋದು ಅಂತ ತೋರಿಸ್ಬೇಕು. ಹೊರಗೆ ನೆಂದಿರೋ ಸಿಲ್ವರ್ ಓಕ್ ತುಂಡು ಸೀಳಿದ್ರೆ ಒಳಗೆ ಒಣಗಿರುತ್ತೆ, ಆ ಒಳಗಿನ ಭಾಗ ತೆಳ್ಳಗೆ ಹೆರೆದು ಸುರುಳಿ ಸುರುಳಿ ಮಾಡ್ಬೇಕು, ಅದಕ್ಕೆ ಕಿಡಿ. ಚಾಕುನ ತುಂಡಿನ ತಲೆ ಮೇಲೆ ಅಡ್ಡ ಇಟ್ಟು ಬೆನ್ನಿಗೆ ಇನ್ನೊಂದು ಕೋಲಲ್ಲಿ ಹೊಡೆದು ಸೀಳೋದು ಒಂದು ವಿಧಾನ. ಒಂದು, ಎರಡು, ಮೂರು ಏಟು ಚೆನ್ನಾಗೇ ಇಳೀತು. ನಾಲ್ಕನೇ ಏಟಿಗೆ ಟಣ್ ಅಂತು, ನನ್ನ ಕೈಯಲ್ಲಿ ಬರೀ ಹಿಡಿ. ಅಲಗು ಜೂನಿಯರ್ ಹುಡುಗನ ಗಮ್‌ಬೂಟ್ ಪಕ್ಕ ಒಂದು ಗೇಣು ದೂರದಲ್ಲಿ ಕೆಸರಿಗೆ ನೆಟ್ಕೊಂಡು ನಿಂತಿತ್ತು. ಯಾರೂ ಮಾತಾಡ್ಲಿಲ್ಲ. ಮುಂದಿನ ಸಾಲಿನ ಒಬ್ಬಳು ಪುಟ್ಟ ಹುಡುಗಿ "ಸಾರ್, ಅದು ಹಂಗೇ ಬಿಚ್ಕೊಳೋದಾ?" ಅಂತ ಕೇಳಿದ್ಲು. ನಗೋಕೂ ಆಗ್ಲಿಲ್ಲ, ಕೈ ನಡುಗ್ತಿತ್ತು.

ಅಷ್ಟೊತ್ತಿಗೆ ತೋಟದ ಮೇಸ್ತ್ರಿ ಪ್ಲಾಸ್ಟಿಕ್ ಕೊಪ್ಪೆ ಹೊದ್ಕೊಂಡು ಆ ಕಡೆ ಬಂದ್ರು, ಸೊಂಟದ ಹಿಂದಿನ ಮರದ ಕೊಕ್ಕೆಯಿಂದ ಕತ್ತಿ ತೆಗೆದು ಆ ತುಂಡನ್ನ ಮೂರೇ ಏಟಿಗೆ ನಾಲ್ಕು ಮಾಡಿ ಕೊಟ್ರು. "ಚಾಕಲ್ಲಿ ಸೌದೆ ಒಡೀತಾರೇನಪ್ಪ?" ಅಷ್ಟೇ ಅಂದಿದ್ದು. ಬೆಂಕಿ ಹತ್ತಿದ್ದು ಅವರ ಸೌದೆಯಲ್ಲಿ, ತೋಟದ ಗೋಡೌನಿಂದ ತಂದ ಅಡಿಕೆ ಸಿಪ್ಪೆಯಲ್ಲಿ, ನನ್ನ ಚಾಕಲ್ಲಿ ಅಲ್ಲ.

ಸಂಜೆ ಮುರಿದ ಚಾಕು ಟೇಬಲ್ ಮೇಲಿಟ್ಕೊಂಡು ನೋಡಿದ್ವಿ. ಅಷ್ಟು ದಪ್ಪ ಅಲಗು ಹಿಡಿ ಹತ್ರ ಬಂದು ಚೌಕಾಕಾರಕ್ಕೆ ಗಕ್ಕನೆ ನಿಂತುಬಿಟ್ಟಿತ್ತು, ಅದರ ಹಿಂದೆ ಬೀಡಿ ಗಾತ್ರದ ಒಂದು ಬೋಲ್ಟ್ ವೆಲ್ಡ್ ಮಾಡಿ ಟೊಳ್ಳು ಹಿಡಿಗೆ ನಟ್ ಹಾಕಿ ಬಿಗಿದಿದ್ರು. ನಾನು ದುಡ್ಡು ಕೊಟ್ಟಿದ್ದ ಆರು ಮಿಲಿಮೀಟರ್ ಹೊರಗೆ ತೋರಿಸೋಕೆ ಮಾತ್ರ, ಏಟಿನ ಭಾರ ಎಲ್ಲ ಹೊತ್ತಿದ್ದು ಆ ಬೀಡಿ. ಚಾಕು ಮುರಿಯೋದು ಹೆಚ್ಚಾಗಿ ಆ ಜಾಗದಲ್ಲೇ, ಅಲಗು ಹಿಡಿಯೊಳಗೆ ಹೋಗೋ ಕಡೆ, ಅದ್ರಲ್ಲೂ ಅಲ್ಲಿ ಚೂಪು ಮೂಲೆ ಬಿಟ್ಟಿದ್ರೆ ಬಿರುಕು ಅಲ್ಲಿಂದಾನೇ ಶುರು. ಹಿಡಿಯೊಳಗೆ ಹೋಗೋ ಕಬ್ಬಿಣಕ್ಕೆ ಟ್ಯಾಂಗ್ ಅಂತಾರೆ, ಅಂಗಡಿಯವನು ಏನೇ ವರ್ಣನೆ ಮಾಡ್ಲಿ ನಾನು ಈಗ ಮೊದಲು ಕೇಳೋದು ಇದು ಎಲ್ಲಿವರೆಗೆ ಹೋಗಿದೆ ಅಂತ. ಅಲಗಿನ ಅದೇ ಅಗಲ, ಅದೇ ದಪ್ಪದಲ್ಲಿ ಹಿಡಿ ತುದಿವರೆಗೆ ಬಂದಿದ್ರೆ ಫುಲ್ ಟ್ಯಾಂಗ್, ಹಿಡಿಯ ಎರಡೂ ಅಂಚಲ್ಲಿ ಕಬ್ಬಿಣದ ಗೆರೆ ಕಣ್ಣಿಗೇ ಕಾಣುತ್ತೆ, ಮೋಸ ಮಾಡೋದು ಕಷ್ಟ.

ಹಂಗಂತ ಫುಲ್ ಟ್ಯಾಂಗ್ ಅನ್ನೋದನ್ನ ಮಂತ್ರ ಮಾಡ್ಕೋಬೇಡಿ. ಮಾರನೇ ದಿನ ಮೇಸ್ತ್ರಿ ಕತ್ತಿ ಈಸ್ಕೊಂಡು ನೋಡಿದೆ, ಅದು ಫುಲ್ ಟ್ಯಾಂಗ್ ಅಲ್ಲ. ಬಾಲ ಸಣ್ಣಗಾಗ್ತಾ ಹಿಡಿ ಒಳಗೆ ಹೋಗಿ ಹಿಂದೆ ಹೊರಗೆ ಬಂದು ಬಗ್ಗಿಸಿ ಬಡಿದಿದೆ, ಮುಂದೆ ಒಂದು ಕಬ್ಬಿಣದ ಬಳೆ. ಆದ್ರೆ ಅಲಗಿಂದ ಬಾಲದವರೆಗೆ ಒಂದೇ ಕಬ್ಬಿಣ, ವೆಲ್ಡ್ ಇಲ್ಲ, ಸಣ್ಣಗಾಗೋ ಕಡೆ ಮೂಲೆ ಇಲ್ಲ, ನಯವಾಗಿ ಇಳಿದಿದೆ. ಲಾರಿ ಪಾಟಾ, ಅಂದ್ರೆ ಸ್ಪ್ರಿಂಗ್ ಪಟ್ಟಿ, ಕಾಸಿ ಸಂತೆ ಊರಿನ ಕಮ್ಮಾರರು ಬಡಿದಿದ್ದಂತೆ, ಹನ್ನೆರಡು ವರ್ಷದ ಕತ್ತಿ. ಬಾಯಿಗೆ ಮಾತ್ರ ನೀರು ಕುಡಿಸಿ, ಅಂದ್ರೆ ಕಾದಿರುವಾಗ ನೀರಲ್ಲಿ ಅದ್ದಿ ಗಟ್ಟಿ ಮಾಡಿ, ಬೆನ್ನನ್ನ ಮೆತ್ತಗೇ ಬಿಟ್ಟಿರ್ತಾರೆ, ಹಂಗಾಗಿ ಬಾಯಿ ಹರಿತ ನಿಲ್ಲುತ್ತೆ, ಬೆನ್ನು ಏಟು ತಡ್ಕೊಳುತ್ತೆ. ಪೂರ್ತಿ ಅಲಗು ಗಾಜಿನ ಹಾಗೆ ಗಟ್ಟಿ ಆದ್ರೆ ಚಕ್ಕೆ ಏಳುತ್ತೆ, ಪೂರ್ತಿ ಮೆತ್ತಗಾದ್ರೆ ಮೊಂಡಾಗುತ್ತೆ, ಹದ ಅನ್ನೋದೆಲ್ಲ ಅದರ ಮಧ್ಯೆ.

ಇಷ್ಟಾದ ಮೇಲೆ ನಾನು ಮಾಡಿದ ಕೆಲಸ ತುಂಬ ಸಿಂಪಲ್, ಮೊದಲ್ನೇ ದಿನಾನೇ ಮಾಡ್ಬೇಕಿದ್ದದ್ದು. ಒಂದು ವಾರ ಜೇಬಲ್ಲಿ ಚೀಟಿ ಇಟ್ಕೊಂಡು ಕ್ಯಾಂಪಲ್ಲಿ ಯಾರು ಯಾವಾಗ ಚಾಕು ತೆಗೆದ್ರು, ಯಾತಕ್ಕೆ ಅಂತ ಬರೆದೆ. ಹಗ್ಗ ಕೊಯ್ಯೋದು, ಟೆಂಟ್ ಗೂಟದ ತುದಿ ಚೂಪು ಮಾಡೋದು, ಈರುಳ್ಳಿ, ಮಾವಿನಕಾಯಿ, ಗಂಟು ಬಿಚ್ಚೋದು, ಬೆಂಕಿಗೆ ಸುರುಳಿ ಹೆರೆಯೋದು, ಪ್ಯಾಕೆಟ್ ಒಡೆಯೋದು. ಪ್ಯಾಕೆಟ್ ಒಡೆದಿದ್ದೇ ಜಾಸ್ತಿ. ಚಾಕಲ್ಲಿ ಮರ ಕಡಿದಿದ್ದು ಒಂದು ಸಲಾನೂ ಇಲ್ಲ, ಅದಕ್ಕೆ ಕತ್ತಿ ಇದೆ, ಕೊಡಲಿ ಇದೆ. ಅಂದ್ರೆ ನಮಗೆ ಬೇಕಿದ್ದದ್ದು ನಾಲ್ಕಿಂಚಿನ ತೆಳು ಚಾಕು, ನಾನು ತಂದಿದ್ದು ಏಳಿಂಚಿನ ಸನಿಕೆ.

ಆಗ ತಂದಿದ್ದು ಸ್ವೀಡನ್ನಿನ ಮೋರಾ, ಅದರಲ್ಲಿ ಕಂಪಾನಿಯನ್ ಅನ್ನೋ ಮಾಡೆಲ್, ಹತ್ತು ಸೆಂಟಿಮೀಟರ್ ಚಿಲ್ಲರೆ ಅಲಗು, ಸ್ಟೇನ್‌ಲೆಸ್ಸಲ್ಲಿ ಎರಡೂವರೆ ಮಿಲಿಮೀಟರ್ ದಪ್ಪ. ಮೋರಾ ಅನ್ನೋದು ಊರಿನ ಹೆಸರು, 1891ರಿಂದ ಅಲ್ಲಿ ಚಾಕು ಫ್ಯಾಕ್ಟರಿ ಇದೆ. ನೋಡೋಕೆ ಪ್ಲಾಸ್ಟಿಕ್ ಆಟಿಕೆ ಥರ, ನಮ್ಮ ಓನರ್ ಕೈಲಿ ಹಿಡಿದು "ಇಷ್ಟೇನಾ?" ಅಂದ್ರು. ಇದರಲ್ಲೂ ಟ್ಯಾಂಗ್ ಹಿಡಿ ತುದಿವರೆಗೆ ಬರಲ್ಲ, ಆದ್ರೂ ನಮ್ಮ ಹತ್ರ ನಾಲ್ಕು ವರ್ಷದಿಂದ ಒಂದೂ ಮುರಿದಿಲ್ಲ, ಯಾಕಂದ್ರೆ ಅದರಲ್ಲಿ ಸೌದೆ ಸೀಳೋಕೆ ಯಾರಿಗೂ ಬಿಡಲ್ಲ. ಸೀಳೋದನ್ನ ತೋರಿಸ್ಲೇಬೇಕಾದಾಗ ಅದೇ ಕಂಪನಿಯ ಗಾರ್ಬರ್ಗ್ ಒಂದಿದೆ, ಮೂರು ಪಾಯಿಂಟ್ ಎರಡು ಮಿಲಿಮೀಟರ್, ಟ್ಯಾಂಗ್ ಹಿಡಿ ತುದಿವರೆಗೂ ಬರುತ್ತೆ, ಅದು ಇನ್‌ಸ್ಟ್ರಕ್ಟರ್ ಕೈಲಿ ಮಾತ್ರ, ತುಂಡೂ ಮಣಿಕಟ್ಟಿಗಿಂತ ದಪ್ಪ ಇರಂಗಿಲ್ಲ.

ದಪ್ಪಕ್ಕಿಂತ ಬಾಯಿ ಹೆಂಗೆ ಹೆರೆದಿದ್ದಾರೆ ಅನ್ನೋದು ಮುಖ್ಯ, ಇದನ್ನ ಯಾರೂ ಹೇಳ್ಕೊಡಲ್ಲ. ಸ್ಕ್ಯಾಂಡಿ ಗ್ರೈಂಡ್ ಅಂತಾರಲ್ಲ, ಅದರಲ್ಲಿ ಅಲಗು ಅರ್ಧಕ್ಕಿಂತ ಕೆಳಗಿನವರೆಗೂ ಒಂದೇ ದಪ್ಪ ಬಂದು ಅಲ್ಲಿಂದ ಎರಡೂ ಕಡೆ ಒಂದೇ ಅಗಲವಾದ ಇಳಿಜಾರು ನೇರ ಬಾಯಿಗೆ ಇಳಿಯುತ್ತೆ. ಮರ ಹೆರೆಯುವಾಗ ಆ ಇಳಿಜಾರು ಕಟ್ಟಿಗೆ ಮೇಲೆ ಒರಗಿ ಕೂತ್ಕೊಳುತ್ತೆ, ಮಕ್ಕಳ ಕೈಲೂ ಸುರುಳಿ ಬರುತ್ತೆ. ಇನ್ನೂ ದೊಡ್ಡ ಲಾಭ ಸಾಣೆ ಹಿಡಿಯುವಾಗ: ಕೋನ ಎಷ್ಟಿರ್ಬೇಕು ಅಂತ ಯೋಚನೆ ಮಾಡೋದೇ ಬೇಡ, ಆ ಇಳಿಜಾರನ್ನ ಸಾಣೆಕಲ್ಲಿನ ಮೇಲೆ ಪೂರ್ತಿ ಒರಗೋ ಹಾಗೆ ಇಟ್ಟು ನೀರು ಹಾಕಿ ಉಜ್ಜೋದು, ಬೆರಳಿಗೆ ಆ ಕಡೆ ಸಣ್ಣ ಒರಟು ಅಂಚು ಸಿಕ್ಕಿದ ಮೇಲೆ ಮಗುಚಿ ಇನ್ನೊಂದು ಕಡೆ. ನಮ್ಮ ಜೂನಿಯರ್ ಹುಡುಗ ಒಂದು ಮಧ್ಯಾಹ್ನದಲ್ಲಿ ಕಲಿತ. ಅಡುಗೆಗೆ ಮಾತ್ರ ಈ ಗ್ರೈಂಡ್ ಸುಮಾರು, ಕ್ಯಾರೆಟ್ ಸೀಳುತ್ತೆ. ಅಡುಗೆ ಅಕ್ಕನಿಗೆ ಅವರದೇ ಚಾಕು ಬಿಟ್ಟಿದೀವಿ, ಜಗಳ ಇಲ್ಲ.

ಇನ್ನು ಸ್ಟೀಲು. ಕಾರ್ಬನ್ ಸ್ಟೀಲ್ ಬೇಗ ಹರಿತ ಆಗುತ್ತೆ, ನಿಜ, ಆದ್ರೆ ನಮ್ಮ ಮಳೆಗಾಲದಲ್ಲಿ ಅದು ಒಂದು ಮಗು ಸಾಕಿದ ಹಾಗೆ. ಟ್ರಯಲ್‌ಗೆ ಅಂತ ಒಂದು ಕಾರ್ಬನ್ ಮೋರಾ ತಂದಿದ್ದೆ, ಒಬ್ರು ಅದರಲ್ಲಿ ಮಾವಿನಕಾಯಿ ಕೊಯ್ದು ಒರೆಸದೆ ಕವರಿಗೆ ಹಾಕಿದ್ರು, ಬೆಳಗ್ಗೆ ನೋಡಿದ್ರೆ ಅಲಗು ಕಪ್ಪು, ಅಂಚಲ್ಲಿ ಕೆಂಪು ಚುಕ್ಕೆ. ಹುಳಿ, ಬಾಳೆಕಾಯಿ ಸೊನೆ ಯಾವುದಾದ್ರೂ ಅಷ್ಟೇ. ಒಬ್ಬನೇ ಬಳಸೋ ಚಾಕಾದ್ರೆ ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಟ್ರೆ ಆಯ್ತು, ಹತ್ತು ಕೈ ಓಡಾಡೋ ಕಡೆ ಅದು ನಡೆಯಲ್ಲ, ಅದಕ್ಕೇ ಸ್ಟೇನ್‌ಲೆಸ್. ಅದಕ್ಕೂ ತುಕ್ಕು ಬರುತ್ತೆ, ಹೆಸರು ನೋಡಿ ನಂಬ್ಬೇಡಿ, ಒದ್ದೆ ಕವರಲ್ಲಿ ಎರಡು ವಾರ ಬಿಟ್ರೆ ಚುಕ್ಕೆ ಗ್ಯಾರಂಟಿ. ಮತ್ತೆ ಪ್ಯಾಕಿನ ಮೇಲೆ 12ಸಿ27, 14ಸಿ28ಎನ್ ಹಿಂಗೆ ಗ್ರೇಡ್ ಹೆಸರು ಬರೆದಿರ್ತಾರೆ, ಬರೀ 'ಸ್ಟೇನ್‌ಲೆಸ್ ಸ್ಟೀಲ್' ಅಂತ ಬರೆದು ಕೈತೊಳ್ಕೊಂಡಿದ್ರೆ ನಾನು ಮುಟ್ಟಲ್ಲ. ಮೊದಲು ತಂದ ಆರರ ಮೇಲೆ ಹಂಗೇ ಇತ್ತು.

ಚರ್ಮದ ಕವರ್ ಫೋಟೋಗೆ ಚೆಂದ, ಜುಲೈಲಿ ಬೂಷ್ಟು ಹಿಡಿದು ಒಳಗೆ ನೀರು ಕುಡ್ಕೊಂಡು ಕೂರುತ್ತೆ. ಕೆಳಗೆ ನೀರು ಇಳಿಯೋಕೆ ತೂತಿರೋ ಪ್ಲಾಸ್ಟಿಕ್ ಕವರ್ ಸಾಕು, ಉಲ್ಟಾ ಹಿಡಿದು ಅಲ್ಲಾಡಿಸಿದ್ರೂ ಚಾಕು ಬೀಳ್ಬಾರ್ದು. ಹಿಡಿಯನ್ನ ಕೈ ಒದ್ದೆ ಮಾಡ್ಕೊಂಡು ಹಿಡಿದು ನೋಡಿ, ಆಗದಿದ್ರೆ ಸೋಪು ಹಚ್ಕೊಂಡು. ಬೆರಳಿಗೊಂದೊಂದು ಗುಣಿ ಮಾಡಿರೋ ಹಿಡಿ ಒಂದೇ ಸೈಜಿನ ಕೈಗೆ, ಒಂದೇ ರೀತಿ ಹಿಡಿಯೋಕೆ ಮಾತ್ರ ಸರಿ. ಗರಗಸದ ಹಲ್ಲಿನ ಬಗ್ಗೆ ಹೇಳೋದೇ ಬೇಡ, ಅದರಲ್ಲಿ ಬಳಪದ ಗಾತ್ರದ ಕಡ್ಡಿನೂ ಕೊಯ್ಯಕ್ಕಾಗಲ್ಲ, ಅದರ ಬದಲು ಬೆನ್ನು ನೇರ ಚೂಪು ಮೂಲೆ ಇದ್ರೆ ಫೆರೋ ರಾಡ್, ಅಂದ್ರೆ ಕೆರೆದ್ರೆ ಕಿಡಿ ಹಾರೋ ಲೋಹದ ಕಡ್ಡಿ, ಅದನ್ನ ಕೆರೆದು ಕಿಡಿ ತೆಗೀಬಹುದು. ಮೋರಾದಲ್ಲಿ ಕೆಲವು ಮಾಡೆಲ್‌ಗೆ ಮಾತ್ರ ಹಂಗಿರುತ್ತೆ, ಕೇಳಿ ತಗೊಳ್ಳಿ.

ಇನ್ನೊಂದು ವಿಷಯ, ಇದರಲ್ಲಿ ನನಗೆ ಸರಿಯಾಗಿ ಮಂಗಳಾರತಿ ಆಗಿದೆ. ವೀಕೆಂಡ್ ಟ್ರೆಕ್ಕಿಗೂ ಗ್ರೂಪ್ ಕರ್ಕೊಂಡು ಹೋಗ್ತೀನಿ, ಒಂದು ಸಲ ಅಭಯಾರಣ್ಯದ ಚೆಕ್‌ಪೋಸ್ಟಲ್ಲಿ ಬ್ಯಾಗ್ ತೆಗೆಸಿದ್ರು, ಬೆಲ್ಟಿಗೆ ಹಾಕೋ ಚಾಕು ಮೇಲೇ ಇತ್ತು. ಗಾರ್ಡ್ ಅದನ್ನ ಎತ್ತಿ ಹಿಡಿದು "ಏನ್ರೀ, ಲೀಡರ್ ಅಂತೀರಾ, ರೂಲ್ಸ್ ಗೊತ್ತಿಲ್ವಾ?" ಅಂತ ಇಪ್ಪತ್ತು ಜನರ ಮುಂದೆ ಕೇಳಿದ್ರು. ಅವರು ಹೇಳಿದ್ದು ಸರಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡ್ಕೊಂಡು ಅಭಯಾರಣ್ಯಕ್ಕೆ ಹೋಗಂಗಿಲ್ಲ, ಆಯುಧ ಅಂದ್ರೆ ಏನು ಅನ್ನೋ ಪಟ್ಟಿಯಲ್ಲಿ ಬಂದೂಕು, ಬಲೆ, ಉರುಳಿನ ಜೊತೆ ಚಾಕೂ ಇದೆ. ನ್ಯಾಷನಲ್ ಪಾರ್ಕಿಗೂ ಅದೇ. ಕುಮಾರ ಪರ್ವತ ಇರೋದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ, ಕುದುರೆಮುಖ ನ್ಯಾಷನಲ್ ಪಾರ್ಕ್, ಅಂದ್ರೆ ನಮ್ಮವರು ಬುಷ್‌ಕ್ರಾಫ್ಟ್, ಕಾಡಲ್ಲಿ ಸಿಕ್ಕಿದ್ರಲ್ಲೇ ಬದುಕೋದು, ಅಂತ ಕನಸು ಕಾಣೋ ಕಾಡೇ ಚಾಕು ಒಯ್ಯಬಾರದ ಕಾಡು. ಅಲ್ಲಿ ಸೌದೆ ಮುರಿಯೋಕೂ ಇಲ್ಲ, ಬೆಂಕಿ ಹಾಕೋಕೂ ಇಲ್ಲ, ಚಾಕು ತಗೊಂಡು ಮಾಡೋದಾದ್ರೂ ಏನು? ನಮ್ಮ ಕೆಲಸ ಏನಿದ್ರೂ ತೋಟದ ಬೇಲಿ ಒಳಗೆ. ಹಂಗೇ ಆರ್ಮ್ಸ್ ರೂಲ್ಸಲ್ಲಿ ಒಂಬತ್ತಿಂಚಿಗಿಂತ ಉದ್ದದ ಅಥವಾ ಎರಡಿಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಬರುತ್ತೆ, ಮನೆಬಳಕೆ, ಕೃಷಿ ಇಂಥದ್ದಕ್ಕೆ ಮಾಡಿದ್ದಾದ್ರೆ ಬಿಟ್ಟು. ಮೇಸ್ತ್ರಿ ಕತ್ತಿ ತೋಟದ ಸಾಮಾನು, ಕೇಳೋರಿಲ್ಲ. ಹತ್ತಿಂಚಿನ ಕಪ್ಪು ಸರ್ವೈವಲ್ ಚಾಕು ಸೊಂಟಕ್ಕೆ ಕಟ್ಕೊಂಡು ಬಸ್‌ಸ್ಟ್ಯಾಂಡಲ್ಲಿ ನಿಂತ್ರೆ ಪೊಲೀಸರು ಕೇಳೋ ಪ್ರಶ್ನೆಗೆ ನಿಮ್ಮ ಹತ್ರ ಉತ್ತರ ಇರಲ್ಲ.

ಉಳಿದ ಐದು ದಪ್ಪ ಚಾಕು ಕಮ್ಮಾರರ ಹತ್ರ ಒಯ್ದಿದ್ದೆ, ಬೇರೆ ಏನಾದ್ರೂ ಮಾಡ್ಕೊಡಿ ಅಂತ. ಅರ ಹಾಕಿ ಎರಡು ಸಲ ಉಜ್ಜಿದ್ರು, ಸಲೀಸಾಗಿ ತಿಂತು, "ಇದರಲ್ಲಿ ಹದಾನೇ ಇಲ್ಲ ಸ್ವಾಮಿ, ಪಾಟಾ ತನ್ನಿ" ಅಂತ ವಾಪಸ್ ಕೊಟ್ರು. ಈಗ ಮೂರು ಸಾಮಾನಿನ ರೂಮಲ್ಲಿ ತುಕ್ಕು ಹಿಡೀತಿವೆ, ಒಂದು ನರ್ಸರೀಲಿ ಕಳೆ ಕೀಳೋಕೆ ಹೋಯ್ತು. ಇನ್ನೊಂದನ್ನ ಅಡುಗೆ ಅಕ್ಕನೇ ಕೇಳಿ ಇಸ್ಕೊಂಡ್ರು, ಅದರ ಬೆನ್ನಲ್ಲಿ ತೆಂಗಿನಕಾಯಿ ಚೆನ್ನಾಗಿ ಒಡೆಯುತ್ತಂತೆ.